ದೋರೊ ಕಣಿವೆಯ ಒಂಟಿ ಹಳಿ: ಪೋರ್ಟೊದಿಂದ ಪೊಸಿನ್ಯೊವರೆಗೆ ರೈಲಿನಲ್ಲಿ ಹೋಗಿಬರುವ ಬಗೆ

ಪೋರ್ಚುಗಲ್‌ನ ಉತ್ತರ ಭಾಗದಲ್ಲಿ ಪೋರ್ಟೊ ನಗರದಿಂದ ಪೂರ್ವಕ್ಕೆ ಹೊರಟು, ದೋರೊ ನದಿಯ ದಡ ಹಿಡಿದು, ಪೊಸಿನ್ಯೊ ಎಂಬ ಪುಟ್ಟ ಊರಿನಲ್ಲಿ ಕೊನೆಗೊಳ್ಳುವ ಮಾರ್ಗವೇ ದೋರೊ ಲೈನ್. ಸುಮಾರು 170 ಕಿಲೋಮೀಟರಿನ ಈ ದಾರಿಗೆ ಮೂರೂವರೆ ಗಂಟೆಯಷ್ಟು ಹೊತ್ತು ಬೇಕು. ಪ್ರವಾಸಿಗರಲ್ಲಿ ಬಹಳಷ್ಟು ಮಂದಿ ಪಿನ್ಯಾಂವ್‌ವರೆಗೆ ಮಾತ್ರ ಹೋಗಿ, ದ್ರಾಕ್ಷಿ ತೋಟಗಳ ಮುಂದೆ ನಾಲ್ಕು ಫೋಟೊ ತೆಗೆಸಿಕೊಂಡು ಸಂಜೆಯೊಳಗೆ ಪೋರ್ಟೊಗೆ ಮರಳುತ್ತಾರೆ. ಆದರೆ ಈ ಮಾರ್ಗದ ಅತ್ಯುತ್ತಮ ಭಾಗ ಇರುವುದು ಪಿನ್ಯಾಂವ್ ದಾಟಿದ ಮೇಲೆ ಎಂಬುದು ನನ್ನ ದೃಢ ಅಭಿಪ್ರಾಯ. ರೆಗ್ವಾದಿಂದ ಪಿನ್ಯಾಂವ್‌ವರೆಗೆ ಎದುರು ದಡದಲ್ಲಿ ಡಾಂಬರು ರಸ್ತೆಯೂ ಜೊತೆಗೆ ಬರುತ್ತದೆ. ಅಲ್ಲಿಂದ ಮುಂದೆ ರಸ್ತೆ ಬೆಟ್ಟ ಹತ್ತಿ ದೂರವಾಗುತ್ತದೆ, ನದಿಯ ಪಕ್ಕದಲ್ಲಿ ಉಳಿಯುವುದು ಹಳಿಯೊಂದೇ. ಕಾರಿನಲ್ಲಿ ಹೋಗಿ ನೋಡಲಾಗದ ಕಣಿವೆಯನ್ನು ತೋರಿಸುವ ರೈಲನ್ನು ಅರ್ಧ ದಾರಿಯಲ್ಲಿ ಇಳಿದು ಬಿಟ್ಟುಬರಬಾರದು. ಹಾಗಾಗಿ ಈ ಬರಹ ಕೊನೆಯ ನಿಲ್ದಾಣದವರೆಗೆ ಹೋಗಿ, ಸುರಕ್ಷಿತವಾಗಿ ಹಿಂತಿರುಗುವ ಕ್ರಮವನ್ನು ಹೇಳುತ್ತದೆ.

ಮೊದಲು ಮರಳುವ ರೈಲು

ಪೋರ್ಟೊದಿಂದ ಕಾಈದ್ ಎಂಬ ನಿಲ್ದಾಣದವರೆಗೆ ಜೋಡಿ ಹಳಿ ಇದೆ. ಅಲ್ಲಿಂದ ಪೊಸಿನ್ಯೊವರೆಗೆ ಪೂರ್ತಿ ಸಿಂಗಲ್ ಲೈನ್. ಎದುರುಬದುರು ಬರುವ ರೈಲುಗಳು ಲೂಪ್ ಲೈನ್ ಇರುವ ನಿಲ್ದಾಣಗಳಲ್ಲಿ ಮಾತ್ರ ಒಂದನ್ನೊಂದು ದಾಟಬಲ್ಲವು. ಒಂದು ನಿಲ್ದಾಣಕ್ಕೂ ಮುಂದಿನ ಲೂಪ್ ನಿಲ್ದಾಣಕ್ಕೂ ನಡುವೆ ಒಂದು ಹೊತ್ತಿಗೆ ಒಂದೇ ರೈಲು ಇರಬೇಕಾದ್ದರಿಂದ, ಬೆಳಿಗ್ಗೆ ಯಾವುದೋ ಒಂದು ರೈಲು ಹತ್ತು ನಿಮಿಷ ತಡವಾದರೆ ಅದರ ದಾರಿ ಕಾಯುವ ಎದುರಿನ ರೈಲೂ ತಡವಾಗುತ್ತದೆ, ಆ ವಿಳಂಬ ಸಂಜೆಯ ತನಕವೂ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಹೋಗಬಹುದು. ಕಾರಣವಿಲ್ಲದೆ ರೈಲು ನಿಂತಂತೆ ಕಂಡರೆ ಕ್ರಾಸಿಂಗ್ ಬಿದ್ದಿದೆ ಎಂದು ತಿಳಿದು ಸುಮ್ಮನೆ ಕುಳಿತಿರಿ. ಫೋಟೊ ತೆಗೆಯಲು ಪ್ಲಾಟ್‌ಫಾರ್ಮಿಗೆ ಇಳಿಯುವ ಸಾಹಸ ಬೇಡ, ಏಕೆಂದರೆ ಎದುರಿನ ರೈಲು ಬಂದು ಸೇರಿದ ಕೂಡಲೇ ನಿಮ್ಮ ರೈಲು ಹೊರಟುಬಿಡುತ್ತದೆ.

ಈ ವ್ಯವಸ್ಥೆಯಿಂದಾಗಿಯೇ ರೈಲುಗಳ ಸಂಖ್ಯೆ ಕಡಿಮೆ. ರೆಗ್ವಾವರೆಗೆ ಬರುವ ರೈಲುಗಳು ಸಾಕಷ್ಟಿದ್ದರೂ ಪೊಸಿನ್ಯೊವರೆಗೆ ಹೋಗುವಂಥವು ದಿನಕ್ಕೆ ಬೆರಳೆಣಿಕೆಯಷ್ಟು ಮಾತ್ರ. ಆದ್ದರಿಂದ ಪ್ರಯಾಣದ ಯೋಜನೆಯನ್ನು ಹಿಂದಿನಿಂದ ಮುಂದಕ್ಕೆ ಮಾಡಬೇಕು. ಸರ್ಕಾರಿ ರೈಲು ಸಂಸ್ಥೆಯಾದ ಸಿಪಿಯ ಜಾಲತಾಣದಲ್ಲೋ ಆ್ಯಪ್‌ನಲ್ಲೋ ನೀವು ಹೋಗುವ ದಿನದ ವೇಳಾಪಟ್ಟಿಯನ್ನು ತೆಗೆದು, ಪೊಸಿನ್ಯೊದಿಂದ ಪೋರ್ಟೊಗೆ ಹೊರಡುವ ಕೊನೆಯ ರೈಲು ಯಾವುದೆಂದು ಗುರುತಿಸಿ, ಅದಕ್ಕಿಂತ ಒಂದು ಹಿಂದಿನ ರೈಲನ್ನು ನಿಮ್ಮದೆಂದು ಇಟ್ಟುಕೊಳ್ಳಿ. ಕೊನೆಯ ರೈಲು ಆಪತ್ತಿಗೆ ಮೀಸಲಿರಲಿ. ಪೊಸಿನ್ಯೊದಲ್ಲಿ ರಾತ್ರಿ ಉಳಿಯುವ ಅನುಕೂಲ ಕಡಿಮೆ, ಟ್ಯಾಕ್ಸಿಯೂ ಕರೆದ ಕೂಡಲೇ ಸಿಗುವಂಥದ್ದಲ್ಲ.

ವೇಳಾಪಟ್ಟಿ ನೋಡುವಾಗ ಇನ್ನೆರಡು ವಿಷಯಗಳನ್ನು ಗಮನಿಸಬೇಕು. ಮಾರ್ಕೊ ದಿ ಕನವೇಸಿಸ್‌ವರೆಗಿನ ಹಳಿಗೆ 2019ರಲ್ಲಿ ವಿದ್ಯುತ್ ತಂತಿ ಬಂದಿದೆ. ಅಲ್ಲಿಂದ ರೆಗ್ವಾವರೆಗೂ ವಿದ್ಯುದೀಕರಿಸುವ ಯೋಜನೆಯಿದೆ. ಇಂಥ ಕಾಮಗಾರಿಗಾಗಿ ಹಳಿ ಮುಚ್ಚಿದ ದಿನಗಳಲ್ಲಿ ಆ ತುಂಡಿಗೆ ಬಸ್ ಬಿಡುತ್ತಾರೆ. ಬಸ್ಸು ನದಿಯನ್ನು ತೋರಿಸುವುದಿಲ್ಲವಾದ್ದರಿಂದ, ದಿನ ಬದಲಾಯಿಸಲು ಸಾಧ್ಯವಿದ್ದರೆ ಬದಲಾಯಿಸುವುದೇ ಮೇಲು. ಎರಡನೆಯದು ಮುಷ್ಕರ. ಪೋರ್ಚುಗಲ್‌ನಲ್ಲಿ ರೈಲ್ವೆ ನೌಕರರ ಮುಷ್ಕರವನ್ನು ಮುಂಚಿತವಾಗಿ ಪ್ರಕಟಿಸಲಾಗುತ್ತದೆ. ‘ಗ್ರೆವ್’ ಎಂಬ ಪದ ಸಿಪಿಯ ಪ್ರಕಟಣೆಯಲ್ಲಿ ಕಂಡರೆ ಆ ದಿನ ಈ ಕಣಿವೆಗೆ ಹೊರಡಬೇಡಿ.

ಟಿಕೆಟ್, ಬೋಗಿ ಮತ್ತು ಕಾಲ

ಈ ಮಾರ್ಗದ ಸಾಮಾನ್ಯ ರೈಲುಗಳು ರೀಜನಲ್ ಮತ್ತು ಇಂಟರ್‌ರೀಜನಲ್ ದರ್ಜೆಯವು. ಇವುಗಳಲ್ಲಿ ಆಸನ ಕಾಯ್ದಿರಿಸುವ ಪದ್ಧತಿಯಿಲ್ಲ. ಮೊದಲು ಹತ್ತಿದವರಿಗೆ ಕಿಟಕಿ. ಪೋರ್ಟೊ ನಗರದ ಮೆಟ್ರೊ, ಬಸ್ಸುಗಳಿಗೆ ಬಳಸುವ ಅಂದಾಂತೆ ಕಾರ್ಡನ್ನು ನಂಬಿಕೊಂಡು ಪೊಸಿನ್ಯೊ ರೈಲು ಹತ್ತಬಾರದು, ಇದಕ್ಕೆ ಸಿಪಿಯ ಪ್ರತ್ಯೇಕ ಟಿಕೆಟ್ ಬೇಕು. ಕೌಂಟರ್ ಇರುವ ನಿಲ್ದಾಣದಲ್ಲಿ ಟಿಕೆಟಿಲ್ಲದೆ ಹತ್ತಿದರೆ ದಂಡ ಬೀಳುತ್ತದೆ. ಕೌಂಟರ್ ಇಲ್ಲದ ಚಿಕ್ಕ ನಿಲ್ದಾಣಗಳಲ್ಲಿ ಹತ್ತಿದವರಿಗೆ ರೈಲಿನಲ್ಲಿ ಟಿಕೆಟ್ ಪರೀಕ್ಷಕರೇ ಚೀಟಿ ಹರಿದು ಕೊಡುತ್ತಾರೆ. 65 ವರ್ಷ ದಾಟಿದವರಿಗೆ ಅರ್ಧ ದರ. ತಂದೆತಾಯಿಯರನ್ನು ಕರೆದುಕೊಂಡು ಹೋಗುವವರು ಅವರ ಪಾಸ್‌ಪೋರ್ಟನ್ನು ಕೈಗೆ ಸಿಗುವಂತೆ ಇಟ್ಟುಕೊಳ್ಳಲಿ.

ರೈಲು ಎಲ್ಲಿಂದ ಹೊರಡುತ್ತದೆ ಎಂಬುದನ್ನು ಟಿಕೆಟ್ ಕೊಳ್ಳುವಾಗಲೇ ನೋಡಿ. ಕೆಲವು ನಗರದ ನಡುವಿನ ಸಾಂವ್ ಬೆಂತೊ ನಿಲ್ದಾಣದಿಂದ, ಕೆಲವು ಕಂಪಾನ್ಯಾದಿಂದ ಹೊರಡುತ್ತವೆ. ಸಾಂವ್ ಬೆಂತೊದಿಂದ ಹೊರಡುವುದಿದ್ದರೆ ಅರ್ಧ ಗಂಟೆ ಮೊದಲೇ ಹೋಗಿ ಅಲ್ಲಿನ ಹಜಾರವನ್ನು ನೋಡಬೇಕು: 1916ರಲ್ಲಿ ಉದ್ಘಾಟನೆಗೊಂಡ ಈ ನಿಲ್ದಾಣದ ಗೋಡೆಗಳಿಗೆ ಜೊರ್ಜ್ ಕೊಲಾಸೊ ಎಂಬ ಕಲಾವಿದರು ಚಿತ್ರಿಸಿದ ಸುಮಾರು 20,000 ಹೆಂಚುಬಿಲ್ಲೆಗಳನ್ನು ಹೊದಿಸಲಾಗಿದೆ. ಕೆಲವು ಪ್ರಯಾಣಗಳಲ್ಲಿ ಮಾರ್ಕೊದಲ್ಲೋ ರೆಗ್ವಾದಲ್ಲೋ ರೈಲು ಬದಲಾಯಿಸಬೇಕಾಗುತ್ತದೆ. ಆಗ ಸೂಚನಾ ಫಲಕದಲ್ಲಿ ‘ಲಿನ್ಯಾ’ ಎಂಬ ಪದದ ಮುಂದಿರುವ ಅಂಕಿಯೇ ನೀವು ಹುಡುಕಬೇಕಾದ ಪ್ಲಾಟ್‌ಫಾರ್ಮ್ ಸಂಖ್ಯೆ.

ಬೋಗಿಗಳಲ್ಲಿ ಎರಡು ಬಗೆ. ಸ್ಪೇನ್‌ನಿಂದ ಬಾಡಿಗೆಗೆ ತಂದ ಡೀಸೆಲ್ ರೈಲುಗಳಲ್ಲಿ ಹವಾನಿಯಂತ್ರಣ ಇರುತ್ತದೆ, ಆದರೆ ಕಿಟಕಿ ತೆರೆಯುವುದಿಲ್ಲ. ಇನ್ನೊಂದು ಬಗೆ ಮಿರಾದೋರೊ ಎಂಬ ಹೆಸರಿನಲ್ಲಿ ಓಡುವ ರೈಲು. ಇದರಲ್ಲಿ 1940ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಶಿಂಡ್ಲರ್ ಕಾರ್ಖಾನೆ ತಯಾರಿಸಿದ ಹಳೆಯ ಬೋಗಿಗಳನ್ನು ದುರಸ್ತಿ ಮಾಡಿ ಡೀಸೆಲ್ ಎಂಜಿನ್ನಿಗೆ ಜೋಡಿಸಿದ್ದಾರೆ. ಅಗಲವಾದ ಕಿಟಕಿಯ ಗಾಜನ್ನು ಕೆಳಕ್ಕೆ ಇಳಿಸಿ ಗಾಳಿಗೆ ಮುಖವೊಡ್ಡಬಹುದು. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ; ನಡುಬೇಸಿಗೆಯ ಮಧ್ಯಾಹ್ನ ಮಾತ್ರ ಅದಕ್ಕೆ ಹೊರತು. ಕರಾವಳಿಯ ಪೋರ್ಟೊ ತಂಪಾಗಿದ್ದ ದಿನವೂ ಬೆಟ್ಟಗಳ ಒಳಗಿರುವ ಪಿನ್ಯಾಂವ್, ಪೊಸಿನ್ಯೊಗಳಲ್ಲಿ ಜುಲೈ ಮತ್ತು ಆಗಸ್ಟ್ ತಿಂಗಳ ಉಷ್ಣಾಂಶ 40 ಡಿಗ್ರಿ ದಾಟುವುದುಂಟು. ದ್ರಾಕ್ಷಿ ಕೊಯ್ಲು ನೋಡಬೇಕೆಂದರೆ ಸೆಪ್ಟೆಂಬರ್, ಹಸಿರು ನೋಡಬೇಕೆಂದರೆ ಮೇ. ಫೆಬ್ರವರಿ ಕೊನೆಯಿಂದ ಮಾರ್ಚ್ ನಡುವೆ ಪೊಸಿನ್ಯೊ ಕಡೆಯ ಬೆಟ್ಟಗಳಲ್ಲಿ ಬಾದಾಮಿ ಮರಗಳು ಹೂ ಬಿಡುತ್ತವೆ, ಆಗ ಜನಸಂದಣಿಯೂ ಕಡಿಮೆ.

ರೈಲಿನಲ್ಲಿ ಊಟ ತಿಂಡಿ ಮಾರುವವರಿಲ್ಲ. ನೀರು ಮತ್ತು ಬುತ್ತಿ ಪೋರ್ಟೊದಿಂದಲೇ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಸಸ್ಯಾಹಾರಿಗಳಿಗಂತೂ ಇದು ಕಡ್ಡಾಯವೆಂದೇ ಹೇಳುತ್ತೇನೆ. ನೋಡಲು ಸೊಪ್ಪಿನ ಸಾರಿನಂತಿರುವ ಕಾಲ್ದು ವೆರ್ದೆಯಲ್ಲಿಯೂ ಹಂದಿ ಮಾಂಸದ ಬಿಲ್ಲೆಗಳನ್ನು ಹಾಕುವ ರೂಢಿಯಿದೆ. ಹೋಟೆಲಿನಲ್ಲಿ ‘ಸೆಮ್ ಕಾರ್ನೆ’ ಎಂದಷ್ಟೇ ಹೇಳಿದರೆ ಮಾಂಸ ಬಿಟ್ಟು ಮೀನು ತಂದಿಡಬಹುದು, ಆದ್ದರಿಂದ ‘ಸೆಮ್ ಪೈಶೆ’ ಎಂಬುದನ್ನೂ ಸೇರಿಸಿ. ಬ್ರೆಡ್ಡು, ಗಿಣ್ಣು, ಆಲಿವ್ ಕಾಯಿ, ಹಣ್ಣು ಎಲ್ಲೆಡೆ ಸಿಗುತ್ತವೆ.

ಬಲಗಡೆಯ ಕಿಟಕಿ, ಆಮೇಲೆ ಎಡಗಡೆಯದು

ಪೋರ್ಟೊದಿಂದ ಹೊರಡುವಾಗ ರೈಲು ಹೋಗುವ ದಿಕ್ಕಿಗೆ ಮುಖ ಮಾಡಿ ಬಲಗಡೆಯ ಕಿಟಕಿ ಹಿಡಿಯಿರಿ. ಮೊದಲ ಒಂದು ಗಂಟೆಗೂ ಮೀರಿ ನದಿ ಕಾಣುವುದಿಲ್ಲ. ಎರ್ಮೆಸಿಂದೆಯಲ್ಲಿ ಮಿನ್ಯೊ ಮಾರ್ಗದಿಂದ ಕವಲೊಡೆದು ಊರು, ಕಾರ್ಖಾನೆ, ತರಕಾರಿ ತೋಟಗಳ ನಡುವೆ ಸಾಗುತ್ತದೆ. ಇಷ್ಟು ಹೊತ್ತನ್ನು ಬುತ್ತಿ ಬಿಚ್ಚಲು ಬಳಸಿಕೊಳ್ಳಬಹುದು. ಮಾರ್ಕೊ ದಾಟಿ ಸುಮಾರು 1,600 ಮೀಟರ್ ಉದ್ದದ ಜುಂಕಾಲ್ ಸುರಂಗ ಬರುತ್ತದೆ, ಈ ಮಾರ್ಗದಲ್ಲಿ ಅದೇ ಅತ್ಯಂತ ಉದ್ದದ್ದು. ಅದರಿಂದ ಹೊರಬಿದ್ದು ಪಾಲಾ ಎಂಬಲ್ಲಿಗೆ ಬರುವಷ್ಟರಲ್ಲಿ ಬಲಗಡೆ ಕೆಳಗೆ ದೋರೊ ಕಾಣಿಸುತ್ತದೆ. ಇಲ್ಲಿಂದ ಕೊನೆಯವರೆಗೆ ಹಳಿಯೂ ನದಿಯೂ ಹೆಚ್ಚುಕಡಿಮೆ ಒಟ್ಟಿಗೇ ಇರುತ್ತವೆ.

ಹಳಿಯ ಚರಿತ್ರೆಯನ್ನು ಸ್ವಲ್ಪ ತಿಳಿದಿದ್ದರೆ ಕಿಟಕಿಯಾಚೆಗಿನದು ಅರ್ಥವಾಗುತ್ತದೆ. 1875ರಲ್ಲಿ ಪೆನಾಫಿಯೆಲ್‌ವರೆಗೆ, 1879ರಲ್ಲಿ ರೆಗ್ವಾವರೆಗೆ, 1880ರಲ್ಲಿ ಪಿನ್ಯಾಂವ್‌ವರೆಗೆ, 1883ರಲ್ಲಿ ತುವಾವರೆಗೆ, 1887ರ ಡಿಸೆಂಬರಿನಲ್ಲಿ ಸ್ಪೇನ್ ಗಡಿಯ ಬಾರ್ಕಾ ದಾಲ್ವಾವರೆಗೆ ಹಳಿ ತಲುಪಿತು. ಪೋರ್ಚುಗೀಸರ ಗೋವೆಯಲ್ಲಿ ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಉತ್ತರ ಕನ್ನಡದ ಕ್ಯಾಸಲ್‌ರಾಕ್‌ಗೆ ಹಳಿ ಬಂದದ್ದೂ ಅದೇ 1880ರ ದಶಕದಲ್ಲಿ. ದೋರೊ ಮಾರ್ಗದ ಗೇಜು 1,668 ಮಿಲಿಮೀಟರ್, ನಮ್ಮ ಬ್ರಾಡ್‌ಗೇಜಿಗಿಂತ ಎಂಟೇ ಮಿಲಿಮೀಟರ್ ಕಡಿಮೆ. ಯುರೋಪಿನ ಉಳಿದ ಕಡೆಯ 1,435 ಮಿಲಿಮೀಟರಿನ ಹಳಿ ನೋಡಿ ಬಂದವರಿಗೆ ಈ ಅಗಲ ಕೂಡಲೇ ಕಣ್ಣಿಗೆ ಬೀಳುತ್ತದೆ.

ರೆಗ್ವಾ ದೊಡ್ಡ ಊರು, ರೈಲು ಇಲ್ಲಿ ಕೊಂಚ ಹೊತ್ತು ನಿಲ್ಲುತ್ತದೆ. ಬಿಳಿ ಏಪ್ರನ್ ತೊಟ್ಟು, ಬುಟ್ಟಿ ಹಿಡಿದು ನಿಂತ ಹೆಂಗಸರು ಬಿಳಿ ಕಾಗದದಲ್ಲಿ ಸುತ್ತಿದ ನಿಂಬೆಯ ಪರಿಮಳದ ಪೆಪ್ಪರಮೆಂಟಿನಂಥ ಮಿಠಾಯಿಯನ್ನು ಪ್ರಯಾಣಿಕರಿಗೆ ಮಾರುವ ವಾಡಿಕೆ ಈ ನಿಲ್ದಾಣದಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಕಂಡರೆ ಖಂಡಿತ ಕೊಳ್ಳಿ, ಚಿಲ್ಲರೆ ಕೈಯಲ್ಲಿರಲಿ. ಬೇಸಿಗೆಯಿಂದ ಶರತ್ಕಾಲದವರೆಗೆ ರೆಗ್ವಾದಿಂದ ತುವಾಕ್ಕೆ ಹೋಗಿಬರುವ ಉಗಿಬಂಡಿಯೂ ಇದೆ. 1925ರಲ್ಲಿ ಜರ್ಮನಿಯ ಹೆನ್ಶೆಲ್ ಕಾರ್ಖಾನೆಯಲ್ಲಿ ತಯಾರಾದ 0186 ಸಂಖ್ಯೆಯ ಎಂಜಿನ್ ಮರದ ಬೋಗಿಗಳನ್ನು ಎಳೆಯುತ್ತದೆ. ಅದಕ್ಕೆ ಬೇರೆಯೇ ಟಿಕೆಟ್, ದುಬಾರಿ ಕೂಡ, ಬಹಳ ಮೊದಲೇ ಮಾರಾಟವಾಗುತ್ತದೆ. ಮಕ್ಕಳಿದ್ದರೆ ಅದು ತಕ್ಕದ್ದು. ಕಣಿವೆ ನೋಡುವುದೇ ಉದ್ದೇಶವಾದರೆ ಸಾಮಾನ್ಯ ರೈಲೇ ಹೆಚ್ಚು ದೂರ ಕರೆದೊಯ್ಯುತ್ತದೆ.

ರೆಗ್ವಾ ಬಿಟ್ಟ ಮೇಲೆ ಎರಡೂ ದಡಗಳಲ್ಲಿ ಮೆಟ್ಟಿಲು ತೋಟಗಳು ದಟ್ಟವಾಗುತ್ತವೆ. ಪೋರ್ಟ್ ವೈನ್ ತಯಾರಾಗುವ ಈ ಸೀಮೆಗೆ 1756ರಲ್ಲೇ ಪೊಂಬಾಲ್ ಮಂತ್ರಿಯ ಆಡಳಿತ ಕಾನೂನಿನ ಗಡಿ ಗುರುತಿಸಿತ್ತು. 2001ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ತೋಟಗಳನ್ನು ಸುಮ್ಮನೆ ಹಸಿರು ಗೆರೆಗಳೆಂದು ನೋಡಿ ಬಿಡಬೇಡಿ. ಶಿಸ್ಟ್ ಎಂಬ ಪದರಗಲ್ಲನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಜೋಡಿಸಿ ಕಟ್ಟಿದ ಅಡ್ಡಗೋಡೆಗಳು ಹಳೆಯವು, ಅವುಗಳ ನಡುವಿನ ಮಟ್ಟಸ ಜಾಗ ಒಂದೆರಡು ಸಾಲು ಬಳ್ಳಿಗಷ್ಟೇ ಸಾಕಾಗುವಷ್ಟು ಕಿರಿದು. ಗೋಡೆಯಿಲ್ಲದೆ ಮಣ್ಣಿನ ದಿಂಡುಗಳೇ ಇರುವ ಅಗಲ ಮೆಟ್ಟಿಲುಗಳು ಯಂತ್ರಗಳು ಬಂದ ಮೇಲಿನವು. ಅಲ್ಲಲ್ಲಿ ಗೋಡೆಗಳು ಕುಸಿದು, ಒಳಗೆ ಪೊದೆಯೋ ಆಲಿವ್ ಮರಗಳೋ ಬೆಳೆದ ಬೆಟ್ಟದ ಮೈ ಕಾಣುತ್ತದೆ. 19ನೇ ಶತಮಾನದ ಉತ್ತರಾರ್ಧದಲ್ಲಿ ಫಿಲೋಕ್ಸೆರಾ ಎಂಬ ಬೇರು ಹೀರುವ ಕೀಟ ಬಳ್ಳಿಗಳನ್ನೆಲ್ಲ ಕೊಂದಾಗ ರೈತರು ಬಿಟ್ಟುಹೋದ ತೋಟಗಳು ಅವು. ಹಳಿ ಹಾಕುತ್ತಿದ್ದ ಕಾಲವೂ ಅದೇ.

ಪಿನ್ಯಾಂವ್ ನಿಲ್ದಾಣದ ಕಟ್ಟಡದ ಹೊರಗೋಡೆಗೆ 1937ರಲ್ಲಿ ಅಳವಡಿಸಿದ 24 ನೀಲಿ-ಬಿಳಿ ಹೆಂಚುಚಿತ್ರಗಳಿವೆ. ಎತ್ತರದ ಬುಟ್ಟಿಗಳನ್ನು ಬೆನ್ನ ಮೇಲೆ ಹೊತ್ತು ಸಾಲಾಗಿ ಇಳಿಯುವ ಗಂಡಸರು, ಗೊಂಚಲು ಕೊಯ್ಯುವ ಹೆಂಗಸರು, ಪೀಪಾಯಿ ತುಂಬಿದ ರಾಬೆಲೊ ದೋಣಿಗಳು, ಅಣೆಕಟ್ಟುಗಳು ಬರುವ ಮೊದಲಿನ ಬಂಡೆಗಳ ನದಿ, ಎಲ್ಲವೂ ಅಲ್ಲಿವೆ. ಇಳಿದು ನೋಡುವುದಾದರೆ ಒಂದು ರೈಲನ್ನು ಬಿಟ್ಟು ಮುಂದಿನದರಲ್ಲಿ ಹೋಗುವಂತೆ ಮೊದಲೇ ಲೆಕ್ಕ ಹಾಕಿ, ಆ ಎರಡು ತುಂಡುಗಳಿಗೂ ಬೇರೆ ಬೇರೆ ಟಿಕೆಟ್ ಕೊಂಡಿರಿ. ಇಂಥ ನಿಲ್ದಾಣಗಳಲ್ಲಿ ಇನ್ನೊಂದು ಪ್ಲಾಟ್‌ಫಾರ್ಮಿಗೆ ಹಳಿ ದಾಟಿಯೇ ಹೋಗಬೇಕಾಗಬಹುದು. ‘ಪಾರೆ, ಎಸ್ಕೂತೆ, ಓಲ್ಯೆ’, ಅಂದರೆ ನಿಲ್ಲಿ, ಆಲಿಸಿ, ನೋಡಿ ಎಂಬ ಫಲಕ ಇರುವ ಜಾಗದಲ್ಲೇ ದಾಟಿ. ಎರಡು ರೈಲುಗಳು ಕ್ರಾಸಿಂಗ್‌ಗೆ ಸೇರುವ ಹೊತ್ತಿನಲ್ಲಿ ನಿಂತ ರೈಲಿನ ಮರೆಯಿಂದ ಇನ್ನೊಂದು ಬರಬಹುದೆಂಬುದನ್ನು ಮರೆಯಬೇಡಿ.

ತುವಾ ಒಂದು ಜಂಕ್ಷನ್ ಆಗಿತ್ತು. ದೋರೊ ಮಾರ್ಗಕ್ಕೆ ಸೇರುತ್ತಿದ್ದ ನಾಲ್ಕು ಮೀಟರ್‌ಗೇಜ್ ಕವಲುಗಳಲ್ಲಿ ಒಂದು ಇಲ್ಲಿಂದ ಮಿರಾಂದೆಲಾ, ಬ್ರಗಾನ್ಸಾಗಳಿಗೆ ಏರುತ್ತಿತ್ತು. ಅದರ ಕೆಳಭಾಗ ಈಗ ತುವಾ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದೆ. ಲಿವ್ರಸಾಂವ್‌ನಿಂದ ಹೊರಡುತ್ತಿದ್ದ ತಾಮೆಗಾ ಕವಲು ಮತ್ತು ರೆಗ್ವಾದಿಂದ ವಿಲಾ ರಿಯಲ್‌ಗೆ ಹೋಗುತ್ತಿದ್ದ ಕೊರ್ಗೊ ಕವಲು 2009ರಲ್ಲಿ ನಿಂತವು, ಪೊಸಿನ್ಯೊದ ಸಬೋರ್ ಕವಲು 1988ರಲ್ಲೇ ನಿಂತಿತ್ತು. ಬೆಟ್ಟದ ಮೇಲಿನ ಊರುಗಳ ಜನರಿಗೆ ಇದರಿಂದಾದ ನಷ್ಟ ದೊಡ್ಡದು. ಇಂದು ಕಣಿವೆಯಲ್ಲಿ ಉಳಿದಿರುವ ಈ ಒಂದು ಹಳಿಯನ್ನು ಸ್ಥಳೀಯರೊಂದಿಗೆ ನಾವೂ ಬಳಸುವುದು ಅದು ಉಳಿಯಲು ನೆರವಾಗುತ್ತದೆ ಎಂಬ ಕಾರಣಕ್ಕೂ ನಾನು ಪ್ರವಾಸಿ ಬಸ್ಸಿಗಿಂತ ಸಾಮಾನ್ಯ ರೈಲನ್ನು ಶಿಫಾರಸು ಮಾಡುತ್ತೇನೆ.

ತುವಾ ಬಿಟ್ಟ ಮೇಲೆ ಕಣಿವೆ ಇಕ್ಕಟ್ಟಾಗುತ್ತದೆ, ತೋಟಗಳು ಹಿಂದೆ ಸರಿದು ಬೂದುಬಣ್ಣದ ಬಂಡೆಗಳು ಹಳಿಯ ಪಕ್ಕಕ್ಕೇ ಬರುತ್ತವೆ. ವಲೆಯ್ರಾ ಕಮರಿ ಇದು. ಇಲ್ಲಿನ ಬಂಡೆಗಳನ್ನು 18ನೇ ಶತಮಾನದ ಕೊನೆಯಲ್ಲಿ ಸಿಡಿಸಿ ದೋಣಿದಾರಿ ಮಾಡುವವರೆಗೆ ಇದರಾಚೆಗೆ ನದಿಸಂಚಾರವೇ ಇರಲಿಲ್ಲ. ಆಮೇಲೂ ಸುಳಿ ತಗ್ಗಲಿಲ್ಲ, ದೋರೊ ನದಿಯ ನಕ್ಷೆ ಬರೆದ ಜೋಸೆಫ್ ಜೇಮ್ಸ್ ಫಾರೆಸ್ಟರ್ 1861ರಲ್ಲಿ ಮುಳುಗಿ ತೀರಿಕೊಂಡದ್ದು ಇಲ್ಲಿಯೇ. ಈಗ ವಲೆಯ್ರಾ ಅಣೆಕಟ್ಟು ನೀರನ್ನು ತಡೆದು ಮಟ್ಟಸಗೊಳಿಸಿದೆ. ಅಣೆಕಟ್ಟು ದಾಟಿ ಫೆರದೋಜಾ ಸೇತುವೆಯ ಮೇಲೆ ರೈಲು ನದಿಯನ್ನು ದಾಟಿ ಎಡದಂಡೆಗೆ ಬರುತ್ತದೆ. ಈ ಸೇತುವೆ ಬರುವ ಮೊದಲೇ ಎದ್ದು ಎಡಗಡೆಯ ಕಿಟಕಿಗೆ ಹೋಗಿ. ಅಷ್ಟು ಹೊತ್ತಿಗೆ ಬೋಗಿ ಹೆಚ್ಚುಕಡಿಮೆ ಖಾಲಿಯಾಗಿರುವುದರಿಂದ ಜಾಗ ಸಿಗುತ್ತದೆ. ಮುಂದೆ ವರ್ಜೆಲಾಸ್, ವೆಜೂವಿಯೊ ಎಂಬ ನಿಲ್ದಾಣಗಳು ಊರಿಗಾಗಿ ಅಲ್ಲ, ತೋಟಗಳಿಗಾಗಿ ಇರುವಂಥವು. ವೆಜೂವಿಯೊದ ಬಿಳಿ ಮನೆ 19ನೇ ಶತಮಾನದಲ್ಲಿ ಈ ಕಣಿವೆಯ ಅತಿ ದೊಡ್ಡ ತೋಟದ ಒಡತಿಯಾಗಿದ್ದ ದೋನಾ ಅಂತೋನಿಯಾ ಫೆರೈರಾ ಅವರದಾಗಿತ್ತು.

ಪೊಸಿನ್ಯೊ ತಲುಪಿದ ಮೇಲೆ

ನಿಲ್ದಾಣದ ಆಚೆಗೆ ಹಳಿ ಹುಲ್ಲಿನಲ್ಲಿ ಮುಂದುವರಿಯುವುದು ಕಾಣುತ್ತದೆ. ಸ್ಪೇನ್ ಭಾಗದ ಸಂಚಾರ 1985ರಲ್ಲಿ ನಿಂತ ಮೇಲೆ, ಪೊಸಿನ್ಯೊದಿಂದ ಬಾರ್ಕಾ ದಾಲ್ವಾವರೆಗಿನ 28 ಕಿಲೋಮೀಟರನ್ನು 1988ರಲ್ಲಿ ಮುಚ್ಚಲಾಯಿತು. ಅದನ್ನು ಮತ್ತೆ ತೆರೆಯಬೇಕೆಂಬ ಬೇಡಿಕೆ ಸ್ಥಳೀಯರಲ್ಲಿ ಬಲವಾಗಿದೆ.

ಅದೇ ದಿನ ಮರಳುವವರಿಗೆ ಸಿಕ್ಕ ಬಿಡುವಿನಲ್ಲಿ ನದಿಯ ತನಕ ನಡೆದು, ರಸ್ತೆ ಮತ್ತು ಹಳಿ ಎರಡನ್ನೂ ಹೊತ್ತಿದ್ದ ಹಳೆಯ ಸೇತುವೆಯನ್ನು ನೋಡಿ ಬರಲು ಸಾಧ್ಯ. ಒಂದು ರಾತ್ರಿ ಉಳಿಯಬಲ್ಲವರು ಟ್ಯಾಕ್ಸಿ ಮೊದಲೇ ಗೊತ್ತುಮಾಡಿಕೊಂಡು, ಕೆಲವೇ ಕಿಲೋಮೀಟರ್ ಮೇಲಿರುವ ವಿಲಾ ನೋವಾ ದಿ ಫೋಜ್ ಕೋವಾ ಊರಿನಲ್ಲಿ ತಂಗುವುದು ಸೂಕ್ತ. ಕೋವಾ ಕಣಿವೆಯ ಬಂಡೆಗಳ ಮೇಲೆ ಹಳೆಯ ಶಿಲಾಯುಗದ ಜನ ಕೊರೆದ ಕುದುರೆ, ಕಾಡೆತ್ತು, ಮೇಕೆಗಳ ಚಿತ್ರಗಳಿವೆ. 1990ರ ದಶಕದಲ್ಲಿ ಅಣೆಕಟ್ಟಿಗೆ ಬಲಿಯಾಗಬೇಕಿದ್ದ ಅವು ಜನರ ಹೋರಾಟದಿಂದ ಉಳಿದು, 1998ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು. ಬಂಡೆಗಳ ಬಳಿಗೆ ಮಾರ್ಗದರ್ಶಕರೊಂದಿಗೆ ಮಾತ್ರ ಬಿಡುತ್ತಾರೆ. ಕೋವಾ ವಸ್ತುಸಂಗ್ರಹಾಲಯದ ಮೂಲಕ ಮುಂಚಿತವಾಗಿ ಕಾಯ್ದಿರಿಸಬೇಕು.

ಹಳೆಯ ಹಳಿಯ ಮೇಲೆ ನಡೆಯುವ ಆಸೆಯಿದ್ದರೆ ಸ್ಪೇನ್ ಬದಿಯಲ್ಲಿ ಅವಕಾಶವಿದೆ. ಲಾ ಫ್ರೆಗೆನೆಡಾ ನಿಲ್ದಾಣದಿಂದ ಗಡಿಯ ವೇಗಾ ತೆರ್ರೋನ್ ಕಟ್ಟೆಯವರೆಗೆ 17 ಕಿಲೋಮೀಟರ್, 20 ಸುರಂಗ, 10 ಸೇತುವೆಗಳ ದಾರಿಯನ್ನು 2021ರಿಂದ ನಡಿಗೆಗೆ ತೆರೆದಿದ್ದಾರೆ. ಪೊಸಿನ್ಯೊ ಕಡೆಯಿಂದ ಅಲ್ಲಿಗೆ ಹೋಗಲು ಸ್ವಂತ ವಾಹನವೋ ಟ್ಯಾಕ್ಸಿಯೋ ಬೇಕು, ಟಿಕೆಟನ್ನು ಮೊದಲೇ ಆನ್‌ಲೈನಿನಲ್ಲಿ ಪಡೆಯಬೇಕು, ಸುರಂಗಗಳಿಗಾಗಿ ಟಾರ್ಚ್ ಒಯ್ಯಬೇಕು. ಸ್ಪೇನ್ ಗಡಿಯಾರ ಪೋರ್ಚುಗಲ್‌ಗಿಂತ ಒಂದು ಗಂಟೆ ಮುಂದೆ ಇರುವುದರಿಂದ ನಡಿಗೆಯ ಸಮಯವನ್ನು ಅಲ್ಲಿನ ಗಡಿಯಾರಕ್ಕೂ, ಮರಳುವ ರೈಲನ್ನು ಇಲ್ಲಿನ ಗಡಿಯಾರಕ್ಕೂ ಹೊಂದಿಸಿಕೊಳ್ಳಿ.

ಹಿಂತಿರುಗುವಾಗ ಪೊಸಿನ್ಯೊದಿಂದ ಫೆರದೋಜಾ ಸೇತುವೆಯವರೆಗೆ ಬಲಗಡೆ, ಅಲ್ಲಿಂದ ಪಾಲಾವರೆಗೆ ಎಡಗಡೆ ಕುಳಿತುಕೊಳ್ಳಿ. ಸಂಜೆಯ ರೈಲಿಗೆ ರೆಗ್ವಾದಲ್ಲಿ ದೋಣಿವಿಹಾರ ಮುಗಿಸಿದ ದೊಡ್ಡ ಗುಂಪುಗಳು ಹತ್ತುವುದರಿಂದ, ಆ ನಿಲ್ದಾಣ ಬರುವ ಮೊದಲು ನಿಮ್ಮ ಚೀಲಗಳನ್ನು ಪಕ್ಕದ ಆಸನದಿಂದ ತೆಗೆದು ಮೇಲಿಡಿ, ಜೊತೆಗಿರುವ ಹಿರಿಯರನ್ನು ಎಡಗಡೆಯ ಕಿಟಕಿಯಲ್ಲಿ ಮೊದಲೇ ಕೂರಿಸಿ.